ಒಣಮೀನಿನ ವ್ಯಾಪಾರಿ ಕೋಟೆ ಗೆದ್ದ ಕತೆ: ವಿಲಿಯಂ ಪೆಪ್ಪರೆಲ್ ಬಗ್ಗೆ ಗೊತ್ತಿದ್ದವರು ಬನ್ನಿ

ಕಡಲಮಗಳು

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಆರು ವರ್ಷದಿಂದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದೇನೆ. ಇಲ್ಲಿ ಪಿಸ್ಕಾಟಕ್ವಾ ಅಂತ ಒಂದು ಹೊಳೆ ಸಮುದ್ರ ಸೇರುತ್ತದೆ. ಅದನ್ನು ದಾಟಿದರೆ ಮೇನ್ ರಾಜ್ಯ. ಅಲ್ಲಿ ಕಿಟರಿ ಪಾಯಿಂಟ್ ಅನ್ನುವ ಹಳೆಯ ಮೀನುಗಾರರ ಊರಿದೆ. ಹೋದ ಭಾನುವಾರ ಸುಮ್ನೆ ಸುತ್ತಾಡಲು ಹೋಗಿದ್ದೆವು. ರಸ್ತೆ ಬದಿಯಲ್ಲೇ ಒಂದು ದೊಡ್ಡ ಮರದ ಮನೆ ಕಂಡಿತು. ಲೇಡಿ ಪೆಪ್ಪರೆಲ್ ಮನೆ ಅಂತ ಹೆಸರು. 1760ರಲ್ಲಿ ಗಂಡ ತೀರಿಕೊಂಡ ಮೇಲೆ ಮೇರಿ ಪೆಪ್ಪರೆಲ್ ಕಟ್ಟಿಸಿದ್ದಂತೆ.

ಆ ಗಂಡನ ಕತೆ ಓದಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ. ವಿಲಿಯಂ ಪೆಪ್ಪರೆಲ್. ಹುಟ್ಟಿದ್ದು 1696ರಲ್ಲಿ, ಇದೇ ಊರಲ್ಲಿ. ಮಾಡುತ್ತಿದ್ದದ್ದು ಒಣಮೀನು, ಮರಮುಟ್ಟು, ಹಡಗಿನ ವ್ಯಾಪಾರ. ಅಂಥವನು 1745ರಲ್ಲಿ ನಾಲ್ಕು ಸಾವಿರ ಜನರನ್ನು ಕಟ್ಟಿಕೊಂಡು ಹೋಗಿ, ಫ್ರೆಂಚರ ಲೂಯಿಸ್‌ಬರ್ಗ್ ಕೋಟೆಯನ್ನು ಹಿಡಿದ. ಅಷ್ಟು ದೊಡ್ಡ ಕೋಟೆ ಉತ್ತರ ಅಮೆರಿಕದಲ್ಲಿ ಇನ್ನೊಂದಿರಲಿಲ್ಲ ಅನ್ನುವಷ್ಟು ಅದಕ್ಕೆ ಹೆಸರಿತ್ತು. ಅದಕ್ಕೆ ಮುಂಚೆ ಅವನು ಒಂದು ಯುದ್ಧವನ್ನೂ ನಡೆಸಿದವನಲ್ಲ.

ನನ್ನ ಅಜ್ಜಿಯೂ ಒಣಮೀನು ಮಾರುತ್ತಿದ್ದರು. ಹಾಗಾಗಿ ಕೇಳುತ್ತಿದ್ದೇನೆ. ಮೀನು ಮಾರುವವನಿಗೆ ಇದು ಹೇಗೆ ಸಾಧ್ಯವಾಯಿತು?

ಹಳೇ ನಕಾಶೆ

ಒಳ್ಳೆಯ ವಿಷಯ ಎತ್ತಿದ್ದೀರಿ ತಾಯಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಅವನ ಅಪ್ಪನಿಂದ ಶುರು ಮಾಡಬೇಕು. ಅಪ್ಪನ ಹೆಸರೂ ವಿಲಿಯಂ. ಇಂಗ್ಲೆಂಡಿನಿಂದ ಬಂದ ಬಡ ಮೀನುಗಾರ. ಕಿಟರಿ ಎದುರಿಗೆ ಐಲ್ಸ್ ಆಫ್ ಶೋಲ್ಸ್ ಅಂತ ಪುಟ್ಟ ಪುಟ್ಟ ನಡುಗಡ್ಡೆಗಳಿವೆ. ಅಲ್ಲಿ ಮೀನು ಹಿಡಿದು ಒಣಗಿಸಿ ಬದುಕು ಕಟ್ಟಿಕೊಂಡ. ಆಮೇಲೆ ಕಿಟರಿಯ ಹಡಗು ಕಟ್ಟುವ ಜಾನ್ ಬ್ರೇ ಅವರ ಮಗಳು ಮಾರ್ಜರಿಯನ್ನು ಮದುವೆಯಾದ. ಮೀನಿನ ಮನೆಗೂ ಹಡಗಿನ ಮನೆಗೂ ಬೀಗತನ ಆಯಿತು ಅನ್ನಿ. ಅಲ್ಲಿಂದ ವ್ಯಾಪಾರ ಬೆಳೆಯಿತು.

ಮಗ ಹೆಚ್ಚು ಶಾಲೆ ಓದಲಿಲ್ಲ. ಭೂಮಿ ಅಳೆಯುವುದು, ಹಡಗು ನಡೆಸುವ ಲೆಕ್ಕ, ಖಾತೆ ಬರೆಯುವುದು, ಇಷ್ಟು ಕಲಿತ. ಆದರೆ ಅಪ್ಪನ ಅಂಗಡಿಯೇ ದೊಡ್ಡ ಶಾಲೆ. ಒಣಗಿದ ಕಾಡ್ ಮೀನಿನಲ್ಲಿ ಒಳ್ಳೆಯದು ಸ್ಪೇನ್, ಪೋರ್ಚುಗಲ್‌ಗೆ ಹೋಗುತ್ತಿತ್ತು. ಕಳಪೆ ಮೀನು ವೆಸ್ಟ್ ಇಂಡೀಸ್‌ಗೆ. ಬರುವಾಗ ಉಪ್ಪು, ರಮ್, ಕಾಕಂಬಿ, ವೈನ್, ಬಟ್ಟೆ, ಕಬ್ಬಿಣ. ಜೊತೆಗೆ ಹಡಗು ಕಟ್ಟಿ ಮಾರುವುದು, ಸಾಕೋ ಹೊಳೆಯ ದಂಡೆಯಲ್ಲಿ ಭೂಮಿ ಕೊಳ್ಳುವುದು.

ಮಿಲಿಷಿಯಾ ಅಂದರೆ ಸಂಬಳದ ಸೈನ್ಯವಲ್ಲ, ಊರವರದೇ ಪಡೆ. ಗಟ್ಟಿಮುಟ್ಟಾದ ಗಂಡಸರೆಲ್ಲ ಬಂದೂಕು ಇಟ್ಟುಕೊಂಡು ಆಗಾಗ ಕವಾಯತಿಗೆ ಬರಬೇಕು. ಅದರ ಅಧಿಕಾರಿ ಯಾರಾಗುತ್ತಾರೆ? ಊರಲ್ಲಿ ಎಲ್ಲರಿಗೂ ಬೇಕಾದ ದೊಡ್ಡ ಮನುಷ್ಯ. ಪೆಪ್ಪರೆಲ್ ಇಪ್ಪತ್ತರ ಆಸುಪಾಸಿನಲ್ಲೇ ಕ್ಯಾಪ್ಟನ್ ಆದ. ಮೂವತ್ತರ ಹೊತ್ತಿಗೆ ಮೇನ್ ಪ್ರದೇಶದ ಮಿಲಿಷಿಯಾಕ್ಕೆಲ್ಲ ಕರ್ನಲ್. 1727ರಿಂದ ಸಾಯುವವರೆಗೆ, ಆಗ ಮೇನ್ ಕೂಡ ಸೇರಿದ್ದ ಬ್ರಿಟಿಷ್ ವಸಾಹತು ಮ್ಯಾಸಚೂಸೆಟ್ಸ್‌ನ ಗವರ್ನರ್ ಕೌನ್ಸಿಲ್ ಸದಸ್ಯ. 1730ರಿಂದ ನ್ಯಾಯಾಧೀಶನೂ ಹೌದು.

ಮಂಡಿ ಲೆಕ್ಕ

ದಾವಣಗೆರೆಯಲ್ಲಿ ನಮ್ಮದು ಕಾಳುಕಡಿಯ ಮಂಡಿ. ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ ಅಕ್ಕ. ನಾಲ್ಕು ಸಾವಿರ ಜನರನ್ನು ಹಡಗು ಹತ್ತಿಸಬೇಕು ಅಂದರೆ ಮೊದಲು ಬೇಕಾದದ್ದು ಕತ್ತಿಯಲ್ಲ, ಬ್ರೆಡ್ಡು, ಉಪ್ಪು ಹಾಕಿದ ಮಾಂಸ, ನೀರಿನ ಪೀಪಾಯಿ, ಬೂಟು, ಹಗ್ಗ. ಎಲ್ಲಿ ಎಷ್ಟು ಸರಕಿದೆ, ಯಾರು ಉದ್ರಿ ಕೊಡುತ್ತಾರೆ, ಯಾವ ಹಡಗಿನವನ ಮಾತು ನಂಬಬಹುದು, ಇದೆಲ್ಲ ಅವನ ತಲೆಯಲ್ಲೇ ಇರುತ್ತದೆ. ಜನರಲ್ ಆದವನು ಇದನ್ನೆಲ್ಲ ಬೇರೆಯವರ ಹತ್ತಿರ ಕೇಳಬೇಕು. ವ್ಯಾಪಾರಿಗೆ ಕೇಳುವ ಅಗತ್ಯವೇ ಇಲ್ಲ.

ಆದರೆ ಯಾಕೆ ಹೋದ ಅಂತ ಮೇಷ್ಟ್ರು ಹೇಳಬೇಕು. ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರ ಬಿಟ್ಟು ಯಾರಾದರೂ ಯುದ್ಧಕ್ಕೆ ಹೋಗುತ್ತಾರಾ?

ಹಳೇ ನಕಾಶೆ

ವ್ಯಾಪಾರ ಉಳಿಸಿಕೊಳ್ಳಲೇ ಹೋದದ್ದು ಸ್ವಾಮಿ. ಇವತ್ತಿನ ಕೆನಡಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಫ್ರೆಂಚರು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಣ ಸುರಿದು ಆ ಕೋಟೆ ಕಟ್ಟಿದ್ದರು. ಕಾಡ್ ಮೀನು ಸಿಗುವ ಕಡಲಿಗೆಲ್ಲ ಅದು ಬಾಗಿಲು ಇದ್ದ ಹಾಗೆ. 1744ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ಶುರುವಾಯಿತು. ಅಲ್ಲಿಂದ ಬಂದ ಫ್ರೆಂಚರು ಕ್ಯಾನ್ಸೋ ಅನ್ನುವ ಇಂಗ್ಲಿಷ್ ಮೀನುಗಾರಿಕೆ ಬಂದರನ್ನು ಸುಟ್ಟು, ಜನರನ್ನು ಸೆರೆ ಹಿಡಿದು ಒಯ್ದರು. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ವಸಾಹತುಗಳ, ದೋಣಿಗಳು ಕಡಲಿಗಿಳಿಯಲು ಹೆದರುವ ಹಾಗಾಯಿತು.

ಆದರೆ ಆ ಸೆರೆಯಾಳುಗಳನ್ನು ಆಮೇಲೆ ಬಾಸ್ಟನ್‌ಗೆ ಬಿಟ್ಟುಕಳಿಸಿದರು. ಅವರು ಕೋಟೆಯ ಒಳಗನ್ನು ಕಣ್ಣಾರೆ ನೋಡಿ ಬಂದಿದ್ದರು. ಆ ಡಿಸೆಂಬರ್‌ನಲ್ಲಿ ಕೋಟೆಯೊಳಗೆ ಸಿಪಾಯಿಗಳೇ ದಂಗೆ ಎದ್ದರು. ಕೂಲಿ ಸರಿಯಿಲ್ಲ, ಊಟ ಸರಿಯಿಲ್ಲ ಅಂತ.

ಇದನ್ನೆಲ್ಲ ಕೂಡಿಸಿ ಮ್ಯಾಸಚೂಸೆಟ್ಸ್ ಗವರ್ನರ್ ವಿಲಿಯಂ ಷರ್ಲಿ 1745ರ ಜನವರಿಯಲ್ಲಿ ದಂಡಯಾತ್ರೆಯ ಪ್ರಸ್ತಾಪ ಇಟ್ಟರು. ಅಲ್ಲಿಯ ಶಾಸನಸಭೆ ಮೊದಲು ಬೇಡ ಅಂದಿತು. ಮತ್ತೆ ಕೇಳಿದಾಗ ಒಂದೇ ಒಂದು ಮತದಿಂದ ಒಪ್ಪಿತು. ದಂಡನಾಯಕ ಯಾರು ಅನ್ನುವ ಪ್ರಶ್ನೆ ಬಂದಾಗ ಪೆಪ್ಪರೆಲ್ ಹೆಸರು ಬಂತು. ಅವನಿಗೆ ಯುದ್ಧ ಗೊತ್ತಿತ್ತು ಅಂತಲ್ಲ. ಅವನ ಹೆಸರು ಹೇಳಿದರೆ ಜನ ಹೆಸರು ಬರೆಸುತ್ತಾರೆ ಅಂತ. ಆ ಸೈನ್ಯ ಪೂರ್ತಿ ಸ್ವಂತ ಇಚ್ಛೆಯಿಂದ ಬಂದವರದು. ರೈತರು, ಬೆಸ್ತರು, ಬಡಗಿಗಳು. ಗುರುತು ಪರಿಚಯ ಇಲ್ಲದವನ ಹಿಂದೆ ಅವರು ಹೋಗುವವರಲ್ಲ. ಅವನು ಕೈಯಿಂದಲೂ ಸಾವಿರಾರು ಪೌಂಡ್ ಹಾಕಿದ.

ಹೊರಡುವ ಮುಂಚೆ ಅವನು ಆ ಕಾಲದ ದೊಡ್ಡ ಪ್ರಚಾರಕ ಜಾರ್ಜ್ ವೈಟ್‌ಫೀಲ್ಡ್ ಅವರ ಸಲಹೆ ಕೇಳಿದ. ಸೋತರೆ ವಿಧವೆಯರು, ಅನಾಥರು ನಿನ್ನನ್ನು ದೂರುತ್ತಾರೆ, ಗೆದ್ದರೆ ಹೊಟ್ಟೆಕಿಚ್ಚಿನವರು ಬಿಡುವುದಿಲ್ಲ, ಎರಡಕ್ಕೂ ಸಿದ್ಧನಿದ್ದರೆ ಹೋಗು ಅನ್ನುವ ಅರ್ಥದ ಮಾತು ಅವರು ಹೇಳಿದರು. ಅತ್ತ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್‌ನಲ್ಲಿದ್ದ ಅಣ್ಣನಿಗೆ ಕಾಗದ ಬರೆದು, ಕೋಟೆ ಅನ್ನುವುದು ಗಟ್ಟಿ ಕಾಯಿ, ನಿಮ್ಮ ಹಲ್ಲಿಗೆ ಅದನ್ನು ಕಡಿದು ರೂಢಿಯಿಲ್ಲ ಅಂತ ಎಚ್ಚರಿಸಿದ್ದರು.

ಮಾಜಿ ಸುಬೇದಾರ್

ಮೇಷ್ಟ್ರೇ, ತಯಾರಿಗೆ ಎಷ್ಟು ದಿನ ಸಿಕ್ಕಿತು? ನಾನು ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವನು. ಮಡಿಕೇರಿ ಹತ್ತಿರ ಈಗ ಕಾಫಿ ತೋಟ ನೋಡಿಕೊಂಡಿದ್ದೇನೆ. ನನಗೆ ಮೊದಲು ಬರುವ ಪ್ರಶ್ನೆ ಇದು. ಫಿರಂಗಿ ಎಲ್ಲಿಂದ ತಂದರು?

ಹಳೇ ನಕಾಶೆ

ಎರಡು ತಿಂಗಳೊಳಗೆ ಎಲ್ಲ ಮುಗಿಸಿದರು ಸುಬೇದಾರ್ ಸಾಹೇಬರೇ. ಮಾರ್ಚ್ 24ರಂದು ಹಡಗುಗಳು ಬಾಸ್ಟನ್ ಬಿಟ್ಟವು. (ನಾನು ಕೊಡುತ್ತಿರುವ ತಾರೀಖುಗಳು ಇಂಗ್ಲಿಷರ ಹಳೆಯ ಪಂಚಾಂಗದವು. ಇವತ್ತಿನ ಲೆಕ್ಕಕ್ಕೆ ಹನ್ನೊಂದು ದಿನ ಸೇರಿಸಿಕೊಳ್ಳಿ.) ಮ್ಯಾಸಚೂಸೆಟ್ಸ್‌ನಿಂದ ಮೂರು ಸಾವಿರಕ್ಕೂ ಹೆಚ್ಚು, ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್‌ನಿಂದ ಸುಮಾರು ಐನೂರೈನೂರು ಜನ. ನ್ಯೂಯಾರ್ಕ್ ಹತ್ತು ಫಿರಂಗಿ ಕಡ ಕೊಟ್ಟಿತು. ಕೊಮೊಡೋರ್ ಪೀಟರ್ ವಾರನ್ ರಾಜನ ಯುದ್ಧನೌಕೆಗಳ ಜೊತೆ ಕ್ಯಾನ್ಸೋದಲ್ಲಿ ಬಂದು ಸೇರಿಕೊಂಡರು.

ಫಿರಂಗಿ ವಿಷಯ ಕೇಳಿದಿರಿ. ಅವರ ಹತ್ತಿರ ಇದ್ದವು ಕಡಿಮೆ, ಸಣ್ಣವು. ಆದರೆ ಕೋಟೆಯ ಬಂದರಿನ ದಡದಲ್ಲಿ ಫ್ರೆಂಚರ ಗ್ರ್ಯಾಂಡ್ ಬ್ಯಾಟರಿ ಅನ್ನುವ ಫಿರಂಗಿ ಕಟ್ಟೆ ಇತ್ತು. ಅದರಲ್ಲಿ 42 ಪೌಂಡ್ ಗುಂಡು ಹಾರಿಸುವ ದೊಡ್ಡ ಫಿರಂಗಿಗಳಿದ್ದವು. ಬಾಸ್ಟನ್‌ನವರು ಹೊರಡುವಾಗಲೇ 42 ಪೌಂಡಿನ ಗುಂಡುಗಳನ್ನು ಹಡಗಿಗೆ ಹೇರಿಕೊಂಡಿದ್ದರು. ಹಾರಿಸಲು ಅಂಥ ಫಿರಂಗಿ ಅವರ ಹತ್ತಿರ ಒಂದೂ ಇರಲಿಲ್ಲ. ಶತ್ರುವಿನದನ್ನೇ ಹಿಡಿದು ಅದಕ್ಕೇ ತುಂಬುವ ಲೆಕ್ಕ.

ಮಂಡಿ ಲೆಕ್ಕ

ಇದನ್ನು ಓದಿ ಎದ್ದು ನಿಂತುಬಿಟ್ಟೆ! ಬಾವಿ ಇರುವ ಜಾಗ ಗೊತ್ತಿದ್ದರೆ ಹಗ್ಗ ಬಿಂದಿಗೆ ಮಾತ್ರ ಒಯ್ದರೆ ಸಾಕು ಅಂತ ನಮ್ಮಪ್ಪ ಹೇಳುತ್ತಿದ್ದರು. ಸಿಕ್ಕಿತಾ ಆ ಫಿರಂಗಿ?

ಹಳೇ ನಕಾಶೆ

ಸಿಕ್ಕಿತು. ಅದೂ ಜಗಳವೇ ಇಲ್ಲದೆ. ಏಪ್ರಿಲ್ 30ರಂದು ಗ್ಯಾಬರಸ್ ಕೊಲ್ಲಿಯಲ್ಲಿ ಇವರು ದಡಕ್ಕಿಳಿದರು. ಎರಡು ದಿನಕ್ಕೆ ವಿಲಿಯಂ ವಾನ್ ಅನ್ನುವ ಮೇನ್ ಕಡೆಯ ವ್ಯಾಪಾರಿ ಹದಿಮೂರು ಜನರ ಜೊತೆ ಆ ಕಟ್ಟೆಯ ಹತ್ತಿರ ಹೋಗಿ ನೋಡಿದ. ಬಾವುಟ ಇಲ್ಲ, ಹೊಗೆ ಇಲ್ಲ. ಅದನ್ನು ಕಾಯಲು ಆಗುವುದಿಲ್ಲ ಅಂತ ಫ್ರೆಂಚರು ರಾತ್ರಿಯೇ ಖಾಲಿ ಮಾಡಿ ಹೋಗಿದ್ದರು. ವಾನ್ ಕಡೆಯವರ ಹತ್ತಿರ ಬಾವುಟವೂ ಇರಲಿಲ್ಲ. ಹದಿನೆಂಟು ವರ್ಷದ ವಿಲಿಯಂ ಟಫ್ಟ್ಸ್ ಅನ್ನುವ ಹುಡುಗ ಕೆಂಪು ಕೋಟನ್ನು ಹಲ್ಲಲ್ಲಿ ಕಚ್ಚಿಕೊಂಡು ಧ್ವಜದ ಕಂಬ ಹತ್ತಿದ. ತುದಿಯಲ್ಲಿ ಅದನ್ನೇ ಮೊಳೆ ಹೊಡೆದು ನಿಲ್ಲಿಸಿದ.

ಹೋಗುವಾಗ ಫ್ರೆಂಚರು ಫಿರಂಗಿಗಳ ಬತ್ತಿ ಹಚ್ಚುವ ತೂತಿಗೆ ಮೊಳೆ ಬಡಿದಿದ್ದರು. ಆದರೆ ಅವಸರದ ಕೆಲಸ. ನಾರ್ತ್‌ಹ್ಯಾಂಪ್ಟನ್ನಿನ ಸೆತ್ ಪೊಮರಾಯ್ ಊರಲ್ಲಿ ಬಂದೂಕು ಮಾಡುವ ಕಸುಬಿನವನು, ಇಲ್ಲಿ ಮೇಜರ್. ಇಪ್ಪತ್ತು ಮಂದಿ ಕುಶಲಕರ್ಮಿಗಳನ್ನು ಕೂರಿಸಿಕೊಂಡು ತೂತು ಕೊರೆದು ಮೊಳೆ ತೆಗೆಸಿದ. ಮಾರನೇ ದಿನವೇ ಆ ಫಿರಂಗಿ ಕೋಟೆಯ ಕಡೆಗೆ ಬಾಯಿ ತೆರೆಯಿತು.

ಈ ಸೈನ್ಯದ ಬಲ ಎಲ್ಲಿತ್ತು ಅಂತ ನೋಡಿ. ಕಸುಬಿನವರ ಕೈಯಲ್ಲಿ.

ಮಾಜಿ ಸುಬೇದಾರ್

ಫಿರಂಗಿ ಸಿಕ್ಕಿದರೆ ಸಾಲದು ಸರ್, ಎಳೆದುಕೊಂಡು ಹೋಗಬೇಕು. ಆ ಜಾಗದ ನಕ್ಷೆ ನೋಡಿದೆ. ಗ್ಯಾಬರಸ್ ಕೊಲ್ಲಿಗೂ ಕೋಟೆಗೂ ನಡುವೆ ಇರುವುದೆಲ್ಲ ಜೌಗು. ಜೌಗಿನಲ್ಲಿ ಫಿರಂಗಿಯ ಗಾಲಿ ಒಂದು ಗಜ ಹೋಗಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಗೆ ಜೀಪು ಇಳಿಸಿದವರಿಗೆ ಗೊತ್ತು.

ಹಳೇ ನಕಾಶೆ

ಅದನ್ನೇ ಹೇಳಬೇಕು ಅಂತಿದ್ದೆ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ಕೆಲಸ ಅಂದರೆ ಇದು.

ಮೊದಲ ಫಿರಂಗಿಯನ್ನು ಜೌಗಿಗೆ ಇಳಿಸಿದರು, ಗಾಲಿ ಗುಂಬದವರೆಗೆ ಹೂತುಹೋಯಿತು. ಆಮೇಲೆ ಫಿರಂಗಿಯೇ ಕೆಸರಲ್ಲಿ ಮುಳುಗಿತು. ಎತ್ತು, ಕುದುರೆ ಕಟ್ಟಿದರೆ ಅವೂ ಹೂತುಹೋಗುತ್ತಿದ್ದವು. ಫ್ರೆಂಚರು ಈ ಜೌಗನ್ನು ಕೋಟೆಯ ಇನ್ನೊಂದು ಗೋಡೆ ಅಂತಲೇ ನಂಬಿ ಕೂತಿದ್ದರು.

ಆಗ ನ್ಯೂ ಹ್ಯಾಂಪ್‌ಶೈರ್‌ನ ನಥಾನಿಯಲ್ ಮೆಸರ್ವ್ ಮುಂದೆ ಬಂದ. ಅವನು ಊರಲ್ಲಿ ಹಡಗು ಕಟ್ಟುವವನು. ದೊಡ್ಡ ಮರ ಸಾಗಿಸುವವರು ಹಿಮದಲ್ಲಿ ಮರದ ಜಾರುಬಂಡಿ ಎಳೆಯುತ್ತಾರಲ್ಲ, ಅದನ್ನೇ ಮಾಡಿಸಿದ. ಹದಿನಾರು ಅಡಿ ಉದ್ದ, ಐದು ಅಡಿ ಅಗಲ. ಅದರ ಮೇಲೆ ಫಿರಂಗಿ ಮಲಗಿಸಿದರು. ಇನ್ನೂರು ಜನ ಎದೆಗೆ ಪಟ್ಟಿ ಕಟ್ಟಿ, ಹೆಗಲಿಗೆ ಹಗ್ಗ ಹಾಕಿ ಎಳೆದರು. ಮೊಣಕಾಲಿನವರೆಗೆ ಕೆಸರು. ಹಗಲಿನಲ್ಲಿ ಎಳೆದರೆ ಕೋಟೆಯಿಂದ ಗುಂಡು ಬೀಳುತ್ತದೆ. ಹಾಗಾಗಿ ರಾತ್ರಿ, ಇಲ್ಲ ದಟ್ಟ ಮಂಜಿನಲ್ಲಿ ಎಳೆಯಬೇಕು. ಒಂದು ಸಲ ಹೋದ ದಾರಿಯಲ್ಲಿ ಇನ್ನೊಂದು ಸಲ ಹೋಗುವ ಹಾಗಿಲ್ಲ, ನೆಲ ಕಲಸಿದ ಹಿಟ್ಟಿನಂತಾಗಿರುತ್ತಿತ್ತು. ಪ್ರತಿ ಸಲ ಹೊಸ ಜಾಡು.

ಈ ಜನರ ಬೂಟು ಕಿತ್ತುಹೋಗಿತ್ತು. ಬಟ್ಟೆ ಹರಿದು ಚಿಂದಿ. ಸರಿಯಾದ ಗುಡಾರವಿಲ್ಲದೆ ಹಾಯಿಬಟ್ಟೆ, ಹುಲ್ಲುಹೆಂಟೆಯ ಕೆಳಗೆ ಮಲಗುತ್ತಿದ್ದರು. ಒದ್ದೆ ನೆಲ, ತಣ್ಣೀರು, ಭೇದಿ, ಜ್ವರ. ಒಂದು ಹೊತ್ತಿನಲ್ಲಂತೂ ಕೆಲಸಕ್ಕೆ ಏಳುವ ಸ್ಥಿತಿಯಲ್ಲಿದ್ದವರು ಅರ್ಧದಷ್ಟು ಮಾತ್ರ.

ಕಡಲಮಗಳು

ಓದುತ್ತಾ ಮೈ ಜುಮ್ಮೆಂದಿತು ಸರ್. ನಮ್ಮಲ್ಲಿ ಮಳೆಗಾಲ ಬಂದಾಗ ದೊಡ್ಡ ದೋಣಿಯನ್ನು ದಡಕ್ಕೆ ಎಳೆಯುವುದು ನೋಡಿದ್ದೇನೆ. ಐವತ್ತು ಅರವತ್ತು ಜನ ಹಗ್ಗ ಹಿಡಿಯುತ್ತಾರೆ. ಒಬ್ಬರು ದನಿ ಎತ್ತುತ್ತಾರೆ, ಉಳಿದವರೆಲ್ಲ ಒಟ್ಟಿಗೆ ಐಸಾ ಅಂತ ಎಳೆಯುತ್ತಾರೆ. ಆ ದನಿ ಇಲ್ಲದೆ ದೋಣಿ ಅಲ್ಲಾಡುವುದಿಲ್ಲ. ಕತ್ತಲಲ್ಲಿ, ದನಿ ಎತ್ತಿದರೆ ಗುಂಡು ಬೀಳುವ ಕಡೆ, ಇನ್ನೂರು ಜನ ಹೇಗೆ ಎಳೆದರೋ.

ಮೀನು ಒಣಗಿಸುವ ಬಗ್ಗೆಯೂ ಒಂದು ಮಾತು. ಅಜ್ಜಿ ಮೀನು ಸೀಳಿ ಉಪ್ಪು ತುಂಬಿ ಬಿಸಿಲಿಗೆ ಹಾಕುತ್ತಿದ್ದರು. ಕಣ್ಣು ಮಾತ್ರ ಆಕಾಶದ ಮೇಲೆ. ಮೋಡ ಕಂಡರೆ ಮನೆಯವರೆಲ್ಲ ಓಡಬೇಕು. ಇಲ್ಲಿಯ ಮ್ಯೂಸಿಯಂನಲ್ಲಿ ನೋಡಿದೆ, ಇವರದ್ದೂ ಅದೇ. ಮರದ ಅಟ್ಟಣೆ ಕಟ್ಟಿ ಅದರ ಮೇಲೆ ಕಾಡ್ ಮೀನು ಹರಡುವುದು, ಸಂಜೆಗೆ ಚರ್ಮ ಮೇಲಾಗುವಂತೆ ಮಗುಚುವುದು. ಒಂದು ದಿನ ಹದ ತಪ್ಪಿದರೆ ಸ್ಪೇನ್‌ಗೆ ಹೋಗಬೇಕಾದ ಮೀನು ಕಳಪೆ ರಾಶಿಗೆ ಬೀಳುತ್ತಿತ್ತು. ಇಂಥ ಕೆಲಸ ನೋಡಿ ಬೆಳೆದವನಿಗೆ ಜನರನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದು ಗೊತ್ತಿರುತ್ತದೆ ಅಂತ ನನಗನ್ನಿಸುತ್ತದೆ.

ಓದುಗಿ ಧಾರವಾಡ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಒಂದು ವಿಷಯ ಎತ್ತಲೇಬೇಕು, ತಪ್ಪು ತಿಳಿಯಬೇಡಿ. ಆ ಕಳಪೆ ಮೀನು ವೆಸ್ಟ್ ಇಂಡೀಸ್‌ಗೆ ಹೋಗುತ್ತಿತ್ತು ಅಂದಿರಿ. ಯಾರು ತಿನ್ನುತ್ತಿದ್ದರು? ಕಬ್ಬಿನ ತೋಟಗಳ ಗುಲಾಮರು. ತೋಟದ ಮಾಲೀಕರು ಅಗ್ಗದ ಊಟ ಅಂತ ಅದನ್ನೇ ಕೊಳ್ಳುತ್ತಿದ್ದರು. ಅಲ್ಲಿಂದ ಬರುತ್ತಿದ್ದ ರಮ್, ಕಾಕಂಬಿಯೂ ಆ ಗುಲಾಮರ ಬೆವರೇ.

ಪೆಪ್ಪರೆಲ್ ಮನೆಯಲ್ಲೂ ಗುಲಾಮರಿದ್ದರು. 1719ರಲ್ಲಿ ಅವರ ವ್ಯಾಪಾರದ ಮನೆಯಿಂದ ವೆಸ್ಟ್ ಇಂಡೀಸ್‌ನ ವ್ಯಾಪಾರಿಗೆ ಹೋದ ಕಾಗದ ಒಂದಿದೆ. ಆ ವ್ಯಾಪಾರಿ ರಮ್ಮಿನ ಪೀಪಾಯಿಯ ಜೊತೆ ಐದು ಜನ ಗುಲಾಮರನ್ನು ಇವರಿಗೆ ಕಳಿಸಿದ್ದರ ಬಗ್ಗೆ. ನಾಲ್ವರು ಕಡಲಲ್ಲೇ ತೀರಿಕೊಂಡರು. ಉಳಿದದ್ದು ಎದೆಯ ಮೇಲೆ ಗುರುತು ಒತ್ತಿದ್ದ ಒಬ್ಬ ಹೆಂಗಸು. ಅವಳೂ ಬಂದು ಮೂರು ವಾರಕ್ಕೆ ಸತ್ತಳು. ನಿಮಗಾದ ನಷ್ಟಕ್ಕೆ ವಿಷಾದವಿದೆ, ಚಳಿಗೆ ಬಟ್ಟೆ ಸಾಲದೆ ಹೀಗಾಯಿತೇನೋ ಅಂತ ಕಾಗದದಲ್ಲಿದೆ. ವಿಷಾದ ಯಾರಿಗೆ ನೋಡಿ. ಸರಕು ಕಳಿಸಿದವನಿಗೆ.

ಆ ಹೆಂಗಸಿನ ಹೆಸರು ಕಾಗದದಲ್ಲಿಲ್ಲ. ಕೋಟೆ ಗೆದ್ದವನ ಬಗ್ಗೆ ಮಾತಾಡುವಾಗ ಇವಳನ್ನೂ ನೆನೆಯಬೇಕು ಅಂತ ನನ್ನ ಆಸೆ.

ಹಳೇ ನಕಾಶೆ

ತಪ್ಪು ತಿಳಿಯುವ ಮಾತೇ ಇಲ್ಲಮ್ಮ. ನಾನು ಮೊದಲೇ ಹೇಳಬೇಕಿತ್ತು. ಆ ಮನೆಯ ಐಶ್ವರ್ಯದ ಒಂದು ಕಾಲು ಮೀನಿನ ಮೇಲೆ, ಇನ್ನೊಂದು ಕಾಲು ಈ ಸಂಕಟದ ಮೇಲೆ ನಿಂತಿತ್ತು. ನೀವು ಹೇಳಿದ್ದು ಸರಿ.

ಮಂಡಿ ಲೆಕ್ಕ

ಧಾರವಾಡದ ಅಕ್ಕ ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಮನುಷ್ಯನನ್ನು ಒಂದು ಸಾಲಾಗಿ ಬರೆಯುವುದು ಎಷ್ಟು ಸುಲಭ. ಅವನನ್ನು ಹೊಗಳುವಾಗ ನಾನೂ ಅವಸರ ಮಾಡಿದೆ.

ಮುಂದೆ ಏನಾಯಿತು ಮೇಷ್ಟ್ರೇ? ಸೋಲು ಆಗಲೇ ಇಲ್ಲವಾ?

ಹಳೇ ನಕಾಶೆ

ಆಯಿತು. ಬಂದರಿನ ಬಾಯಲ್ಲಿ ಒಂದು ಪುಟ್ಟ ನಡುಗಡ್ಡೆ, ಅದರ ಮೇಲೆ ಫ್ರೆಂಚರ ಇನ್ನೊಂದು ಫಿರಂಗಿ ಕಟ್ಟೆ. ಅದು ಇರುವವರೆಗೆ ವಾರನ್ ಹಡಗುಗಳು ಒಳಗೆ ಬರುವ ಹಾಗಿಲ್ಲ. ವಾರನ್ ದಿನವೂ ಅವಸರ ಮಾಡುತ್ತಿದ್ದರು. ಮೇ 26ರ ರಾತ್ರಿ ಸುಮಾರು 400 ಸ್ವಯಂಸೇವಕರು ದೋಣಿಗಳಲ್ಲಿ ಹೋದರು. ತಮ್ಮ ನಾಯಕನನ್ನು ತಾವೇ ಆರಿಸಿಕೊಂಡಿದ್ದರು. ಅಲೆ ಜೋರು, ಇಳಿಯಲು ಇದ್ದದ್ದು ಇಷ್ಟೇ ಇಷ್ಟು ಜಾಗ. ಮೊದಲು ಇಳಿದವರು ಹುರುಪಿನಲ್ಲಿ ಮೂರು ಸಲ ಜೈಕಾರ ಹಾಕಿಬಿಟ್ಟರು. ಮಲಗಿದ್ದ ಫ್ರೆಂಚರು ಎದ್ದರು. ಬೆಳಗಾಗುವ ಹೊತ್ತಿಗೆ ಸುಮಾರು 60 ಜನ ಸತ್ತಿದ್ದರು, 116 ಜನ ಸೆರೆ.

ಮಾಜಿ ಸುಬೇದಾರ್

ತರಬೇತಿ ಇಲ್ಲದ್ದಕ್ಕೆ ತೆತ್ತ ಬೆಲೆ ಇದು. ಧೈರ್ಯಕ್ಕೆ ಕೊರತೆ ಇರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ಆ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

ಹಳೇ ನಕಾಶೆ

ನಿಜ. ಆಮೇಲೆ ಪೆಪ್ಪರೆಲ್ ದಾರಿ ಬದಲಿಸಿದ. ಫಿರಂಗಿ ಪಡೆಯ ರಿಚರ್ಡ್ ಗ್ರಿಡ್ಲಿ ಲೈಟ್‌ಹೌಸ್ ಇದ್ದ ಗುಡ್ಡಕ್ಕೆ ಫಿರಂಗಿ ಏರಿಸಿ ಆ ನಡುಗಡ್ಡೆಯನ್ನು ಮೇಲಿನಿಂದ ಹೊಡೆದ. (ಇದೇ ಗ್ರಿಡ್ಲಿ ಮೂವತ್ತು ವರ್ಷದ ಮೇಲೆ, 1775ರಲ್ಲಿ, ಬಂಕರ್ ಹಿಲ್‌ನಲ್ಲಿ ಬ್ರಿಟಿಷರ ವಿರುದ್ಧವೇ ಮಣ್ಣಿನ ಗೋಡೆಯ ನಕ್ಷೆ ಹಾಕಿದ. ಪೊಮರಾಯ್ ಕೂಡ ಅಲ್ಲಿದ್ದ, ಎಪ್ಪತ್ತರ ಹತ್ತಿರದ ಮುದುಕ.) ಅದೇ ಮೇ ತಿಂಗಳಲ್ಲಿ ವಾರನ್ ಪಡೆ 64 ಫಿರಂಗಿಯ ಫ್ರೆಂಚ್ ಹಡಗು ವಿಜಿಲಾನ್‌ನನ್ನು ಹಿಡಿದಿತ್ತು. ಕೋಟೆಗೆ ಬರಬೇಕಿದ್ದ ಮದ್ದುಗುಂಡು ಅದರಲ್ಲಿತ್ತು.

ಮಂಡಿಯವರಿಗೆ ಖುಷಿಯಾಗುವ ಇನ್ನೊಂದು ವಿಷಯ. ಇವರ ಹತ್ತಿರ ಗುಂಡು ಕಡಿಮೆಯಾಗುತ್ತಾ ಬಂತು. ಫ್ರೆಂಚರು ಹಾರಿಸಿದ ಗುಂಡು ಹೆಕ್ಕಿ ತಂದವರಿಗೆ ದುಡ್ಡು ಕೊಡುವುದಾಗಿ ಹೇಳಿದರು. ಬಿಡುವಿದ್ದ ಹುಡುಗರೆಲ್ಲ ಉರುಳುವ ಗುಂಡಿನ ಹಿಂದೆ ಓಡತೊಡಗಿದರು. ಆ ಗುಂಡನ್ನೇ ಮತ್ತೆ ಕೋಟೆಗೆ ಹಾರಿಸಿದರು.

ಕೋಟೆಯ ಮೇಲೆ ಸುಮಾರು 9,000 ಗುಂಡು ಬಿದ್ದವು. ಪೂರ್ತಿಯಾಗಿ ಉಳಿದ ಮನೆ ಇರಲಿಲ್ಲ ಅನ್ನುವ ಹಾಗೆ. ಜೂನ್ 17ರಂದು ಫ್ರೆಂಚ್ ಗವರ್ನರ್ ಡುಶಾಂಬೊ ಕೋಟೆ ಒಪ್ಪಿಸಿದ. ಇಳಿದು ನಲವತ್ತೆಂಟು ದಿನ.

ಗೆದ್ದ ಮೇಲಿನ ಊಟದ ಒಂದು ಪ್ರಸಂಗ ಇದೆ. ಯಾರ್ಕ್ ಊರಿನ ಪಾದ್ರಿ ಸ್ಯಾಮ್ಯುಯಲ್ ಮೂಡಿ ಸೈನ್ಯದ ಜೊತೆ ಬಂದಿದ್ದರು. ಸುಮಾರು ಎಪ್ಪತ್ತು ವರ್ಷ. ಊಟಕ್ಕೆ ಮುಂಚೆ ಇವರು ಪ್ರಾರ್ಥನೆ ಶುರು ಮಾಡಿದರೆ ತಟ್ಟೆಯಲ್ಲಿದ್ದದ್ದೆಲ್ಲ ಆರಿಹೋಗುತ್ತದೆ ಅಂತ ಎಲ್ಲರಿಗೂ ಭಯ. ಹಿರಿಯರಾದ್ದರಿಂದ ಯಾರೂ ಬೇಗ ಮುಗಿಸಿ ಅನ್ನುವಂತಿಲ್ಲ. ಮುದುಕರು ಎದ್ದು ನಿಂತರು. ದೇವರೇ, ನಿನಗೆ ಹೇಳಬೇಕಾದ ಉಪಕಾರ ಎಷ್ಟಿದೆ ಅಂದರೆ ಈ ಆಯುಷ್ಯ ಸಾಲದು, ಅದನ್ನು ಮೇಲೆ ಬಂದಾಗ ಹೇಳುತ್ತೇವೆ, ಈಗ ಈ ಊಟವನ್ನು ಹರಸು ಅಂತ ಹೇಳಿ ಕೂತುಬಿಟ್ಟರು.

ಕಡಲಮಗಳು

ಮುದುಕರ ಮೇಲೆ ಪ್ರೀತಿ ಬಂತು. ಗೆದ್ದವರಿಗೆ ಏನು ಸಿಕ್ಕಿತು ಸರ್? ಸಿಪಾಯಿಗಳಿಗೆ?

ಹಳೇ ನಕಾಶೆ

ಸಿಪಾಯಿಗಳಿಗೆ ಏನೂ ಸಿಗಲಿಲ್ಲ. ಒಪ್ಪಂದದಂತೆ ಊರಿನವರ ಆಸ್ತಿ ಮುಟ್ಟುವ ಹಾಗಿರಲಿಲ್ಲ. ಅದು ನ್ಯಾಯವೇ. ಆದರೆ ಕಣ್ಣೆದುರೇ ನೌಕಾಪಡೆಯವರು ಸಿರಿವಂತರಾದರು. ಕೋಟೆಯ ಮೇಲೆ ಫ್ರೆಂಚ್ ಬಾವುಟವನ್ನೇ ಹಾರಿಸಿ ಇಟ್ಟಿದ್ದರು. ನಮ್ಮದೇ ಬಂದರು ಅಂತ ನಂಬಿ ಫ್ರೆಂಚ್ ಹಡಗುಗಳು ಬಂದು ಸಿಕ್ಕಿಬಿದ್ದವು. ಅದರಲ್ಲಿ ಎರಡು ಇಂಡಿಯಾ ಕಡೆಯಿಂದ ಸರಕು ತುಂಬಿಕೊಂಡು ಬರುತ್ತಿದ್ದ ಫ್ರೆಂಚ್ ಕಂಪನಿಯ ಹಡಗುಗಳು. ಇನ್ನೊಂದರಲ್ಲಿ ದಕ್ಷಿಣ ಅಮೆರಿಕದ ಬೆಳ್ಳಿ ಬಂಗಾರ. ಆ ಪಾಲು ರಾಜನಿಗೆ ಮತ್ತು ನೌಕಾಪಡೆಗೆ. ಕೆಸರಲ್ಲಿ ಫಿರಂಗಿ ಎಳೆದವರಿಗೆ ಒಂದು ಕಾಸೂ ಇಲ್ಲ.

ಸಿಪಾಯಿಗಳು ಗೊಣಗಿದರು, ಬಂದೂಕು ಕೆಳಗಿಡುತ್ತೇವೆ ಅನ್ನುವವರೆಗೆ ಹೋಯಿತು. ಷರ್ಲಿ ತಾವೇ ಬಂದು ತಿಂಗಳ ಕೂಲಿಯನ್ನು 25 ಶಿಲ್ಲಿಂಗ್‌ನಿಂದ 40ಕ್ಕೆ ಏರಿಸಿ ಸಮಾಧಾನ ಮಾಡಿದರು. ರಾಜನ ಸೈನ್ಯ ಬರುವವರೆಗೆ ಇವರೇ ಕೋಟೆ ಕಾಯಬೇಕಿತ್ತು. ಅಷ್ಟರಲ್ಲಿ ಚಳಿಗಾಲ ಬಂತು.

ಒಡೆದ ಮನೆಗಳು, ಸೋರುವ ಸೂರು, ಕೊಳಕು ನೀರು, ಸೌದೆ ಇಲ್ಲ. ಜ್ವರ, ಭೇದಿ. ಆ ಚಳಿಗಾಲದಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಯುದ್ಧದಲ್ಲಿ ಸತ್ತವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ, ಕೆಲವರನ್ನು ಮನೆಗಳ ನೆಲಹಲಗೆ ಎತ್ತಿ ಅದರಡಿಯೇ ಹೂಳಿದರು. ಪೆಪ್ಪರೆಲ್ ಆ ಚಳಿಗಾಲ ಅಲ್ಲೇ ಇದ್ದ. ಬಿಟ್ಟು ಹೋಗಲಿಲ್ಲ. ಅವನ ಬಗ್ಗೆ ನನಗಿರುವ ಗೌರವದಲ್ಲಿ ಹೆಚ್ಚಿನ ಪಾಲು ಇದಕ್ಕೆ.

ಅವನಿಗೆ ರಾಜ 1746ರಲ್ಲಿ ಬ್ಯಾರೊನೆಟ್ ಪದವಿ ಕೊಟ್ಟ, ಅಂದರೆ ವಂಶಕ್ಕೇ ಬರುವ ಸರ್ ಬಿರುದು. ಅಮೆರಿಕದಲ್ಲಿ ಹುಟ್ಟಿದವರಲ್ಲಿ ಅದು ಮೊದಲು ಸಿಕ್ಕಿದ್ದು ಅವನಿಗೇ.

ಚೆನ್ನೈ ಕನ್ನಡಿಗ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ನನ್ನ ಸರದಿ. ನಾನು ಚೆನ್ನೈನಲ್ಲಿ ಸೇಂಟ್ ಜಾರ್ಜ್ ಕೋಟೆಯ ಹತ್ತಿರ ಕೆಲಸ ಮಾಡುತ್ತೇನೆ. ಲೂಯಿಸ್‌ಬರ್ಗ್ ಹೆಸರು ನನಗೆ ಗೊತ್ತಿರುವುದು ಈ ಕೋಟೆಯಿಂದಲೇ.

1746ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ನೌಕಾಧಿಕಾರಿ ಲಾ ಬೂರ್ದೊನೆ ಮದ್ರಾಸನ್ನು ಹಿಡಿದ. ಅದೇ ಯುದ್ಧ, ಭೂಮಿಯ ಇನ್ನೊಂದು ತುದಿ. 1748ರ ಅಕ್ಟೋಬರ್‌ನಲ್ಲಿ ಏ-ಲಾ-ಶಪೆಲ್ ಊರಲ್ಲಿ ರಾಜಿಯಾಯಿತು. ಹಿಡಿದದ್ದನ್ನೆಲ್ಲ ಪರಸ್ಪರ ವಾಪಸ್ ಕೊಡಬೇಕು. ಬ್ರಿಟಿಷರು ಲೂಯಿಸ್‌ಬರ್ಗ್ ಬಿಟ್ಟುಕೊಟ್ಟರು. ಅವರಿಗೆ ಮದ್ರಾಸ್ ವಾಪಸ್ ಬಂತು.

ಮದ್ರಾಸ್ ಬಿದ್ದಾಗ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕ ಬರೆಯುವ ಇಪ್ಪತ್ತು ವರ್ಷದ ಗುಮಾಸ್ತ ಒಬ್ಬ ಇದ್ದ. ವೇಷ ಬದಲಿಸಿಕೊಂಡು ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಓಡಿದ. ಅಲ್ಲಿ ಲೇಖನಿ ಬಿಟ್ಟು ಬಂದೂಕು ಹಿಡಿದ. ಅವನೇ ರಾಬರ್ಟ್ ಕ್ಲೈವ್.

ಮಂಡಿ ಲೆಕ್ಕ

ಅಂದರೆ ಆ ರೈತರು, ಬೆಸ್ತರು ಕೆಸರಲ್ಲಿ ಎಳೆದದ್ದು, ಚಳಿಯಲ್ಲಿ ಸತ್ತದ್ದು, ಕೊನೆಗೆ ನಮ್ಮ ಪಕ್ಕದ ಮದ್ರಾಸಿಗಾಗಿಯಾ?

ಹಳೇ ನಕಾಶೆ

ಪೂರ್ತಿ ಹಾಗೆ ಹೇಳಲು ಬರುವುದಿಲ್ಲ. ಫ್ರೆಂಚರು ಯೂರೋಪಿನಲ್ಲಿ ಫ್ಲಾಂಡರ್ಸ್ ಕಡೆ ಹಿಡಿದಿದ್ದ ಊರುಗಳನ್ನೂ ಬಿಟ್ಟುಕೊಟ್ಟರು. ಲಂಡನ್ನಿಗೆ ಅದರ ಚಿಂತೆಯೇ ದೊಡ್ಡದು. ಆದರೆ ಬಾಸ್ಟನ್‌ನ ಜನ ನೋಡಿದ್ದು ಇಷ್ಟೇ. ನಮ್ಮ ಮಕ್ಕಳು ಸತ್ತು ಗೆದ್ದ ಕೋಟೆಯನ್ನು ನಮ್ಮನ್ನು ಕೇಳದೆ ಕೊಟ್ಟರು. ಆ ನೋವು ಅಷ್ಟು ಬೇಗ ಮಾಯಲಿಲ್ಲ.

ಲಂಡನ್ ಖರ್ಚು ತುಂಬಿಕೊಟ್ಟಿತು. ಮ್ಯಾಸಚೂಸೆಟ್ಸ್‌ಗೆ 183,649 ಪೌಂಡ್. 1749ರಲ್ಲಿ ಸ್ಪ್ಯಾನಿಷ್ ಬೆಳ್ಳಿ ನಾಣ್ಯ ಮತ್ತು ತಾಮ್ರದ ಕಾಸುಗಳ ಪೆಟ್ಟಿಗೆಗಳು ಬಾಸ್ಟನ್ ಬಂದರಿಗೆ ಬಂದವು, ಗಾಡಿಗಳ ಮೇಲೆ ಹೇರಿಕೊಂಡು ಹೋದರು. ಬೆಲೆ ಕಳೆದುಕೊಂಡಿದ್ದ ತಮ್ಮ ಕಾಗದದ ಹಣವನ್ನು ಆ ಬೆಳ್ಳಿಯಿಂದಲೇ ಹಿಂದಕ್ಕೆ ಪಡೆದರು.

ನಮ್ಮ ಕಡೆಗೂ ಇದರ ಎಳೆ ಬರುತ್ತದೆ. ಮದ್ರಾಸ್ ವಾಪಸ್ ಸಿಕ್ಕ ಮೇಲೆ ಕಂಪನಿ ಕರ್ನಾಟಿಕ್‌ನ ಮುಂದಿನ ಯುದ್ಧಗಳಿಗೆ ಇಳಿಯಿತು. ತಿರುಚಿರಾಪಳ್ಳಿಯ ಹೋರಾಟಕ್ಕೆ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನವರೂ ಸೈನ್ಯ ಒಯ್ದರು. ಆ ಸೈನ್ಯದಲ್ಲಿ ಹೈದರಾಲಿ ಇದ್ದ. ಯೂರೋಪಿಯನ್ನರ ಯುದ್ಧದ ರೀತಿಯನ್ನು ಹತ್ತಿರದಿಂದ ನೋಡಿದ್ದು ಅಲ್ಲೇ.

ಓದುಗಿ ಧಾರವಾಡ

ಪೆಪ್ಪರೆಲ್ ಕೊನೆಗೆ ಏನಾದ? ಮಕ್ಕಳು?

ಹಳೇ ನಕಾಶೆ

ಒಬ್ಬನೇ ಮಗ ಬದುಕುಳಿದಿದ್ದ, ಆಂಡ್ರ್ಯೂ. ಲೂಯಿಸ್‌ಬರ್ಗ್‌ನಲ್ಲಿ ಜೊತೆಗಿದ್ದ ಸ್ಯಾಮ್ಯುಯಲ್ ವಾಲ್ಡೋ ಅವರ ಮಗಳು ಹಾನಾ ಜೊತೆ ನಿಶ್ಚಯವಾಗಿತ್ತು. ಹುಡುಗ ಮದುವೆಯನ್ನು ಮುಂದಕ್ಕೆ ಹಾಕುತ್ತಲೇ ಹೋದ. ಕೊನೆಗೆ ಹುಡುಗಿಯೇ ಬೇಡ ಅಂದಳು. ಸ್ವಲ್ಪ ದಿನಕ್ಕೇ, 1751ರಲ್ಲಿ, ಆಂಡ್ರ್ಯೂ ಜ್ವರದಿಂದ ತೀರಿಕೊಂಡ. ಅಪ್ಪನಿಗೆ ಅದು ದೊಡ್ಡ ಪೆಟ್ಟು.

1758ರಲ್ಲಿ ಬ್ರಿಟಿಷರು ಅದೇ ಕೋಟೆಯನ್ನು ಎರಡನೇ ಸಲ ಗೆದ್ದರು. ಆ ಸುದ್ದಿ ಕೇಳಲು ಪೆಪ್ಪರೆಲ್ ಇದ್ದ. 1759ರ ಜುಲೈ 6ರಂದು ಕಿಟರಿಯಲ್ಲೇ ಸತ್ತ. ಆಸ್ತಿ ಮಗಳ ಮಗನಿಗೆ ಹೋಯಿತು. ಅಮೆರಿಕದ ಕ್ರಾಂತಿ ಬಂದಾಗ ಆ ಮೊಮ್ಮಗ ರಾಜನ ಪಕ್ಷದಲ್ಲಿ ನಿಂತು ಲಂಡನ್ನಿಗೆ ಹೋದ. ಇಲ್ಲಿಯ ಭೂಮಿಯೆಲ್ಲ ಮುಟ್ಟುಗೋಲು.

ಕಡಲಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇವತ್ತು ಕೆಲಸ ಮುಗಿಸಿ ಮತ್ತೆ ಕಿಟರಿ ಪಾಯಿಂಟ್‌ಗೆ ಹೋಗಿದ್ದೆ. ಅವನ ಅಪ್ಪ ಕಟ್ಟಿಸಿದ ಹಳೆಯ ಮನೆಯೂ ಅಲ್ಲೇ ಇದೆ, ನೀರಿನ ಕಡೆಗೆ. ಅದರಾಚೆ ದಕ್ಕೆ. ಈಗ ಅಲ್ಲಿ ಏಡಿಯಂಥ ಲಾಬ್‌ಸ್ಟರ್ ಹಿಡಿಯುವ ದೋಣಿಗಳು ನಿಲ್ಲುತ್ತವೆ. ಗಾಳಿಯಲ್ಲಿ ನಮ್ಮ ಗಂಗೊಳ್ಳಿಯದೇ ವಾಸನೆ.

ಇನ್ನೊಂದು ಓದಿದೆ. ಲೂಯಿಸ್‌ಬರ್ಗ್‌ನಲ್ಲಿ ಕೆನಡಾ ಸರ್ಕಾರ 1961ರಿಂದ ಕೋಟೆಯ ಒಂದು ಭಾಗವನ್ನು ಮತ್ತೆ ಕಟ್ಟಿಸಿದೆಯಂತೆ. ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಕಲ್ಲಿದ್ದಲು ಕಾರ್ಮಿಕರಿಗೆ ಕಲ್ಲು ಕಟ್ಟುವುದನ್ನು ಕಲಿಸಿ. ಕೋಟೆಯ ಆಚೆ ರೋಶ್‌ಫೋರ್ ಅನ್ನುವ ಭೂಶಿರ ಇದೆ. ಆ ಚಳಿಗಾಲದಲ್ಲಿ ಸತ್ತ ಎಷ್ಟೋ ನ್ಯೂ ಇಂಗ್ಲೆಂಡ್ ಹುಡುಗರನ್ನು ಹೂಳಿದ್ದು ಅಲ್ಲಿ. ಈಗ ಕಡಲ್ಕೊರೆತಕ್ಕೆ ಆ ದಡ ಕುಸಿಯುತ್ತಿದೆ. ಸಮಾಧಿಗಳು ಕಡಲು ಪಾಲಾಗುವ ಮುಂಚೆ ತೆಗೆದು ಜೋಪಾನ ಮಾಡುತ್ತಿದ್ದಾರೆ.

ಕಡಲ್ಕೊರೆತ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರವಂತೆ ಕಡೆ ತೆಂಗಿನ ಮರಗಳು ಬುಡಸಮೇತ ಹೋದದ್ದು ನೋಡಿ ಬೆಳೆದವಳು. ಬರುವ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಇಲ್ಲಿಂದ ಕಾರಿನಲ್ಲಿ ಎರಡು ದಿನದ ದಾರಿ.

ಮಾಜಿ ಸುಬೇದಾರ್

ಹೋಗಿ ಬನ್ನಿ ತಂಗಿ. ಆ ಭೂಶಿರಕ್ಕೆ ಹೋದಾಗ ನನ್ನ ಪರವಾಗಿಯೂ ಒಂದು ಹೂವು ಇಡಿ. ಮತ್ತೆ, ಆಗುವುದಾದರೆ ಆ ಜೌಗಿನ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಅವರು ಎಳೆದ ದಾರಿ ನೋಡಬೇಕು.